ಹೆಸರುಗಳ ಸಾಲಿನಲ್ಲಿ ದೇವರ ಕೈ: ವಿಕಾಸವಾದ ಮತ್ತು ನಮ್ಮ ವಿಶ್ವಾಸ

ಸೆಪ್ಟೆಂಬರ್ 8 – ಕನ್ಯಾಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ
ವಾಚನಗಳು: ಮೀಕ 5:1-4 ಅಥವಾ ರೋಮ 8:28-30, ಮತ್ತಾಯ 1:1-16, 18-23



ಒಂಬತ್ತು ದಿನಗಳ ನೊವೇನ ಮುಗಿಸಿ ಇಂದು ನಾವು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಸಂಭ್ರಮದಿಂದ ಆಚರಿಸುತ್ತಿದ್ದೇವೆ. ಮಕ್ಕಳು ದಿನವೂ ಪುಟ್ಟ ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸಿದ್ದಾರೆ. ಕರಾವಳಿಯಲ್ಲಿ ಇದು ತೆನೆಹಬ್ಬವೂ ಹೌದು. ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತೇವೆ. ಮನೆಯ ಹಿರಿಯರು ಹೊಸ ಅಕ್ಕಿಯ ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ದೂರದ ಊರಲ್ಲಿರುವ ಮಕ್ಕಳನ್ನು ನೆನೆದು ಅವರಿಗೂ ನಾಲ್ಕು ಕಾಳು ಎತ್ತಿಡುತ್ತಾರೆ.

ಇಂಥ ಸಡಗರದ ದಿನ ಧರ್ಮಸಭೆ ನಮ್ಮ ಮುಂದೆ ಇಡುವ ಶುಭಸಂದೇಶವನ್ನು ನೋಡಿ. ಒಂದು ಕಥೆಯಲ್ಲ, ಸಾಮತಿಯಲ್ಲ, ಅದ್ಭುತವೂ ಅಲ್ಲ, ಬರೀ ಹೆಸರುಗಳು! ಇವನು ಅವನ ತಂದೆ, ಅವನು ಮತ್ತೊಬ್ಬನ ತಂದೆ ಎಂದು ಸಾಗುವ ಉದ್ದನೆಯ ಪಟ್ಟಿ. ಓದುವ ಗುರುಗಳ ನಾಲಿಗೆ ತಡವರಿಸುತ್ತದೆ, ಕೇಳುವವರ ಕಣ್ಣು ಎಳೆಯುತ್ತದೆ. ಆದರೂ ಧರ್ಮಸಭೆ ಇದನ್ನು ಬಿಟ್ಟುಬಿಡುವುದಿಲ್ಲ. ಏಕೆಂದರೆ ಯಾವ ಮಗುವೂ ಆಕಾಶದಿಂದ ಉದುರಿ ಬೀಳುವುದಿಲ್ಲ. ಪ್ರತಿಯೊಂದು ತೊಟ್ಟಿಲ ಹಿಂದೆಯೂ ಒಂದು ವಂಶಾವಳಿ ಇದೆ. ದೇವಪುತ್ರರು ಮನುಷ್ಯರಾಗಲು ಮನಸ್ಸು ಮಾಡಿದಾಗ ಅವರೂ ವಂಶಾವಳಿಯ ದಾರಿಯಲ್ಲೇ ಬಂದರು. ಮರಿಯಮ್ಮನ ಜನನ ಆ ದಾರಿಯ ಕೊನೆಯ ತಿರುವು.

ವಂಶಾವಳಿಯ ಈ ಹಬ್ಬದಲ್ಲಿ, ನಮ್ಮೆಲ್ಲರ ವಂಶಾವಳಿಯ ಕುರಿತು ನಮ್ಮ ಮಕ್ಕಳು ಕೇಳುತ್ತಿರುವ ಒಂದು ಪ್ರಶ್ನೆಯನ್ನು ನೇರವಾಗಿ ಎದುರಿಸೋಣ. ಧರ್ಮೋಪದೇಶದ ತರಗತಿಯಲ್ಲಿ ದೇವರು ಮಣ್ಣಿನಿಂದ ಆದಾಮನನ್ನು ಮಾಡಿದರೆಂದು ಕೇಳುತ್ತಾರೆ. ಶಾಲೆಯಲ್ಲಿ ಜೀವಿಗಳೆಲ್ಲ ಕೋಟ್ಯಂತರ ವರ್ಷಗಳಲ್ಲಿ ವಿಕಾಸಗೊಂಡವೆಂದು ಓದುತ್ತಾರೆ. ಮನೆಗೆ ಬಂದು, “ಯಾವುದು ನಿಜ?” ಎಂದು ಕೇಳಿದರೆ ಅನೇಕ ತಂದೆತಾಯಂದಿರು ಕೊಡುವ ಉತ್ತರ ಒಂದೇ: “ಪರೀಕ್ಷೆಯಲ್ಲಿ ಅದನ್ನು ಬರೆ, ಮನಸ್ಸಿನಲ್ಲಿ ಇದನ್ನು ನಂಬು.”

ಪ್ರಿಯರೇ, ಈ ಉತ್ತರ ಅಪಾಯಕಾರಿ. ಸತ್ಯಕ್ಕೆ ಎರಡು ಪೆಟ್ಟಿಗೆಗಳಿವೆ, ಒಂದು ಭಾನುವಾರಕ್ಕೆ, ಇನ್ನೊಂದು ಉಳಿದ ಆರು ದಿನಕ್ಕೆ ಎಂದು ನಾವೇ ಮಗುವಿಗೆ ಕಲಿಸಿದಂತಾಯಿತು. ಆ ಮಗು ದೊಡ್ಡದಾಗಿ ಕಾಲೇಜಿಗೆ ಹೋದಾಗ ಭಾನುವಾರದ ಪೆಟ್ಟಿಗೆಯನ್ನು ಸದ್ದಿಲ್ಲದೆ ಮುಚ್ಚಿಡುತ್ತದೆ. ಜಗಳವಾಡಿ ದೇವಾಲಯ ಬಿಟ್ಟವರಿಗಿಂತ ಹೀಗೆ ಸದ್ದಿಲ್ಲದೆ ಬಿಟ್ಟ ಯುವಜನರನ್ನು ಮರಳಿ ಕರೆಯುವುದು ಬಲು ಕಷ್ಟ.

ಡಾರ್ವಿನ್ ಹೇಳಿದ್ದೇನು?

ಚಾರ್ಲ್ಸ್ ಡಾರ್ವಿನ್ 1809ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಕೇಂಬ್ರಿಡ್ಜಿನಲ್ಲಿ ಓದುವಾಗ ಆಂಗ್ಲಿಕನ್ ಸಭೆಯ ಪಾದ್ರಿಯಾಗುವ ಉದ್ದೇಶವಿತ್ತು. 1831ರ ಡಿಸೆಂಬರಿನಲ್ಲಿ ಬೀಗಲ್ ಎಂಬ ಹಡಗು ಏರಿ, ಸುಮಾರು ಐದು ವರ್ಷ ಲೋಕ ಸುತ್ತಿ, 1836ರಲ್ಲಿ ಹಿಂದಿರುಗಿದರು. ಕಂಡದ್ದನ್ನು ಇಪ್ಪತ್ತು ವರ್ಷ ತಾಳ್ಮೆಯಿಂದ ತೂಗಿ ನೋಡಿದರು. 1858ರಲ್ಲಿ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ ಎಂಬ ಮತ್ತೊಬ್ಬ ನಿಸರ್ಗತಜ್ಞರು ಇಂದಿನ ಇಂಡೋನೇಷ್ಯಾದ ದ್ವೀಪಗಳಿಂದ ಅದೇ ವಿಚಾರವನ್ನು ಬರೆದು ಕಳುಹಿಸಿದಾಗ ಇಬ್ಬರ ಬರಹಗಳನ್ನೂ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. 1859ರ ನವೆಂಬರ್ 24ರಂದು ಡಾರ್ವಿನ್ನರ ‘ಜೀವಿಜಾತಿಗಳ ಉಗಮ’ ಪ್ರಕಟವಾಯಿತು.

ಅದರ ಸಾರವನ್ನು ತಿಳಿಯಲು ಇಂದು ನಾವು ಆಶೀರ್ವದಿಸಿದ ತೆನೆಯೇ ಸಾಕು. ಕಾಡುಭತ್ತದ ಕಾಳು ಬಲಿಯುತ್ತಿದ್ದಂತೆ ತೆನೆಯಿಂದ ಕಳಚಿ ಮಣ್ಣಿಗೆ ಉದುರುತ್ತದೆ. ಗಿಡದ ಸಂತಾನ ಬೆಳೆಯಲು ಅದು ಒಳ್ಳೆಯದು, ಕೊಯ್ಯುವವನಿಗೆ ನಷ್ಟ. ಎಲ್ಲೋ ಕೆಲವು ಗಿಡಗಳಲ್ಲಿ ಮಾತ್ರ ಕಾಳು ಉದುರದೆ ತೆನೆಯಲ್ಲೇ ನಿಲ್ಲುತ್ತಿತ್ತು. ಕೊಯ್ದವರ ಕೈಗೆ ಅಂಥವೇ ಹೆಚ್ಚು ಸಿಕ್ಕವು, ಅವನ್ನೇ ಅವರು ಮತ್ತೆ ಬಿತ್ತಿದರು. ಚೀನಾದ ಯಾಂಗ್ಟ್ಸೆ ನದಿಯ ಬಯಲಿನಲ್ಲಿ ಸಾವಿರಾರು ವರ್ಷ ಹೀಗೆ ನಡೆದು ಕಾಡುಭತ್ತ ನಾಡಭತ್ತವಾಯಿತು. ಕಾಳು ಹಿಡಿದು ನಿಲ್ಲುವ ಆ ಗುಣ ಬಾರದಿದ್ದರೆ ಬಲಿಪೀಠದ ಮುಂದೆ ಇಂದು ತೆನೆಯ ಕಟ್ಟು ಇರುತ್ತಿರಲಿಲ್ಲ.

ಡಾರ್ವಿನ್ ತಮ್ಮ ಪುಸ್ತಕವನ್ನು ಆರಂಭಿಸಿದ್ದೂ ಹೀಗೆಯೇ, ಮನುಷ್ಯ ಸಾಕಿದ ಪ್ರಾಣಿಗಳು ಮತ್ತು ಬೆಳೆಸಿದ ಗಿಡಗಳಿಂದ. ರೈತ ಆರಿಸುವಂತೆ ನಿಸರ್ಗವೂ ಆರಿಸುತ್ತದೆ ಎಂದರು ಅವರು. ಒಂದೇ ತಾಯಿಯ ಮರಿಗಳೂ ಒಂದೇ ತೆರನಾಗಿರುವುದಿಲ್ಲ. ಹುಟ್ಟುವುದೆಲ್ಲ ಬದುಕುವುದಿಲ್ಲ. ಇರುವ ಪರಿಸರಕ್ಕೆ ಯಾವುದು ಹೊಂದುತ್ತದೋ ಅದು ಹೆಚ್ಚು ಸಂತಾನ ಬಿಡುತ್ತದೆ. ಅದರ ಗುಣ ಮುಂದಿನ ಪೀಳಿಗೆಗೆ ದಾಟುತ್ತದೆ. ಇದು ಲಕ್ಷಾಂತರ ವರ್ಷ ನಡೆದರೆ ಹೊಸ ಹೊಸ ಜಾತಿಯ ಜೀವಿಗಳು ಉಂಟಾಗುತ್ತವೆ. ಮನುಷ್ಯ ಮಂಗನಿಂದ ಹುಟ್ಟಿದನೆಂದು ವಿಜ್ಞಾನ ಹೇಳುವುದಿಲ್ಲ. ಮನುಷ್ಯನಿಗೂ ಇಂದಿನ ಚಿಂಪಾಂಜಿಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜರಿದ್ದರು ಎನ್ನುತ್ತದೆ. ಚಿಂಪಾಂಜಿ ನಮ್ಮ ಅಜ್ಜನಲ್ಲ, ಬಲು ದೂರದ ದಾಯಾದಿ.

ಇದು ಬರೀ ಊಹೆ ಎಂದು ತಳ್ಳಿಹಾಕುವಂತಿಲ್ಲ. ಕೋವಿಡ್ ವೈರಾಣು ಡೆಲ್ಟಾ ಎಂದೂ ಒಮಿಕ್ರಾನ್ ಎಂದೂ ರೂಪ ಬದಲಿಸಿದ್ದನ್ನು 2021ರಲ್ಲಿ ನಾವೇ ಕಂಡೆವು. ಕ್ಷಯರೋಗದ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ ಎಂದು ವೈದ್ಯರು ಬೇಡಿಕೊಳ್ಳುವುದೂ ಇದೇ ಕಾರಣಕ್ಕೆ. ಅರ್ಧ ಔಷಧಕ್ಕೆ ದುರ್ಬಲ ರೋಗಾಣುಗಳು ಸಾಯುತ್ತವೆ, ತಡೆದುಕೊಂಡವು ಉಳಿದು ಬೆಳೆಯುತ್ತವೆ. ಡಾರ್ವಿನ್ನರಿಗೆ ತಿಳಿಯದೆ ಉಳಿದದ್ದು ಒಂದು: ಗುಣಗಳು ಪೀಳಿಗೆಯಿಂದ ಪೀಳಿಗೆಗೆ ದಾಟುವುದು ಹೇಗೆ? ಅದಕ್ಕೆ ದಾರಿ ತೋರಿಸಿದವರು ನಮ್ಮವರೇ ಆದ ಒಬ್ಬ ಸಂನ್ಯಾಸಿ ಗುರು, ಗ್ರೆಗೋರ್ ಮೆಂಡೆಲ್. ಬ್ರನೊ ಪಟ್ಟಣದ ಅಗಸ್ಟೀನಿಯನ್ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ, ಎಣಿಸಿ, 1865ರಲ್ಲಿ ಆನುವಂಶೀಯತೆಯ ನಿಯಮಗಳನ್ನು ಮಂಡಿಸಿದರು. 1900ರವರೆಗೆ ಲೋಕ ಅದನ್ನು ಗಮನಿಸಲೇ ಇಲ್ಲ. ಇಂದಿನ ವಿಕಾಸವಾದ ನಿಂತಿರುವುದು ಡಾರ್ವಿನ್ ಮತ್ತು ಮೆಂಡೆಲ್ ಎಂಬ ಎರಡು ಕಾಲುಗಳ ಮೇಲೆ. ಅದರಲ್ಲಿ ಒಂದು ಕಾಲು ಮಠದ ಅಂಗಳದಲ್ಲಿದೆ.

ಧರ್ಮಸಭೆ ಹೇಳುವುದೇನು?

ಧರ್ಮಸಭೆ ಡಾರ್ವಿನ್ನರನ್ನು ಶಪಿಸಿತು ಎಂಬ ಮಾತು ಎಲ್ಲೆಡೆ ಹಬ್ಬಿದೆ. ಆರಂಭದಲ್ಲಿ ಭಯ, ವಿರೋಧ, ವಾದ ಇದ್ದದ್ದು ನಿಜ. ಆದರೆ ರೋಮಿನ ನಿಷೇಧಿತ ಗ್ರಂಥಗಳ ಪಟ್ಟಿಯಲ್ಲಿ ‘ಜೀವಿಜಾತಿಗಳ ಉಗಮ’ ಎಂದೂ ಸೇರಲಿಲ್ಲ. 2019ರಲ್ಲಿ ಸಂತ ಪದವಿಗೇರಿದ ಜಾನ್ ಹೆನ್ರಿ ನ್ಯೂಮನ್ನರು, ಈ ಸಿದ್ಧಾಂತ ನಾಸ್ತಿಕವಾಗಿರಲೇಬೇಕೆಂದಿಲ್ಲ ಎಂದು 1868ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದರು. ಅವರಿಗಿಂತ 1400ಕ್ಕೂ ಹೆಚ್ಚು ವರ್ಷಗಳ ಹಿಂದೆ ಸಂತ ಅಗಸ್ಟೀನರು ಆದಿಕಾಂಡವನ್ನು ವಿವರಿಸುವಾಗ ಒಂದು ಎಚ್ಚರಿಕೆ ಕೊಟ್ಟಿದ್ದರು. ನಿಸರ್ಗದ ಕುರಿತು ಅರಿಯದೆ ಮಾತಾಡಿ, ಅದಕ್ಕೆ ಪವಿತ್ರ ಗ್ರಂಥವನ್ನು ಸಾಕ್ಷಿಗೆ ಕರೆಯಬೇಡಿ. ತಿಳಿದವರು ನಿಮ್ಮನ್ನಷ್ಟೇ ಅಲ್ಲ, ಗ್ರಂಥವನ್ನೂ ನೋಡಿ ನಗುತ್ತಾರೆ ಎಂಬುದು ಅದರ ತಾತ್ಪರ್ಯ.

1950ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸರು ‘ಹುಮಾನಿ ಜೆನೆರಿಸ್’ ವಿಶ್ವಪತ್ರದಲ್ಲಿ, ಮಾನವ ದೇಹದ ವಿಕಾಸದ ಕುರಿತು ಸಂಶೋಧನೆ, ಚರ್ಚೆ ನಡೆಸಲು ಅಡ್ಡಿಯಿಲ್ಲ. ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂಬ ವಿಶ್ವಾಸವನ್ನು ಬಿಡುವಂತಿಲ್ಲ ಎಂದರು. 1996ರ ಅಕ್ಟೋಬರಿನಲ್ಲಿ ಎರಡನೆಯ ಜಾನ್ ಪೌಲರು, ವಿಕಾಸವಾದ ಒಂದು ಊಹೆಗಿಂತ ಹೆಚ್ಚಿನದೆಂದು ಒಪ್ಪಿಕೊಂಡರು. ಹದಿನಾರನೆಯ ಬೆನೆಡಿಕ್ಟರು 2005ರಲ್ಲಿ ಜಗದ್ಗುರುವಾಗಿ ಅರ್ಪಿಸಿದ ಮೊದಲ ಬಹಿರಂಗ ಬಲಿಪೂಜೆಯ ಪ್ರಬೋಧನೆಯಲ್ಲಿ, ನಾವು ಅರ್ಥವಿಲ್ಲದ ಆಕಸ್ಮಿಕಗಳಲ್ಲ, ನಮ್ಮಲ್ಲಿ ಪ್ರತಿಯೊಬ್ಬರೂ ದೇವರ ಮನಸ್ಸಿನಲ್ಲಿ ಮೂಡಿದವರು ಎಂದು ಸಾರಿದರು. ಫ್ರಾನ್ಸಿಸರು 2014ರಲ್ಲಿ, ದೇವರನ್ನು ಮಂತ್ರದಂಡ ಹಿಡಿದ ಜಾದೂಗಾರನಂತೆ ಕಲ್ಪಿಸಿಕೊಳ್ಳಬೇಡಿ ಎಂದರು.

ಆದಿಕಾಂಡದ ಮೊದಲ ಅಧ್ಯಾಯಗಳು ಜೀವಶಾಸ್ತ್ರದ ಪಾಠವಲ್ಲ. ಈ ಲೋಕ ಯಾರದು, ಅದು ಒಳ್ಳೆಯದೇ, ಅದರಲ್ಲಿ ಮನುಷ್ಯ ಯಾರು, ಅವನ ಪಾಪದ ಬೇರು ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಅವು ಉತ್ತರ ಕೊಡುತ್ತವೆ. ಆದುದರಿಂದಲೇ ನಾವು ವಿಜ್ಞಾನದ ಪಾಠಕ್ಕೆ ಹೆದರಬೇಕಾಗಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ ನಮ್ಮ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮತ್ತಿತರರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಅವರ ಕಳವಳದಲ್ಲಿ ಕ್ರೈಸ್ತನೊಬ್ಬ ಪಾಲುಗೊಳ್ಳಬಹುದು. ಮಕ್ಕಳಿಂದ ಪಾಠ ಮುಚ್ಚಿಟ್ಟು ಕಾಪಾಡಬೇಕಾದಷ್ಟು ಬಡಕಲು ವಿಶ್ವಾಸ ನಮ್ಮದಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಡಾರ್ವಿನ್ನರ ವಿಜ್ಞಾನದಲ್ಲಲ್ಲ, ಅದರ ಹೆಸರು ಹೇಳಿಕೊಂಡು ಮನುಷ್ಯನ ಬೆಲೆ ಕಟ್ಟಲು ಹೊರಟ ಚಿಂತನೆಗಳಲ್ಲಿ. ಅವುಗಳಲ್ಲಿ ಎರಡನ್ನು ಇಂದಿನ ಶುಭಸಂದೇಶದ ಬೆಳಕಿನಲ್ಲಿ ನೋಡೋಣ.

ಮೂರು ತಲೆಮಾರು, ನಲವತ್ತೆರಡು ತಲೆಮಾರು

ಮೊದಲನೆಯದು, ‘ಬಲಿಷ್ಠನೇ ಉಳಿಯಬೇಕು’ ಎಂಬ ಚಿಂತನೆ. ಯೋಗ್ಯತಮರ ಉಳಿವು ಎಂಬ ಮಾತನ್ನು ಹುಟ್ಟುಹಾಕಿದವರು ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ. ನಿಸರ್ಗದಲ್ಲಿ ಹೀಗೆ ನಡೆಯುತ್ತದೆ ಎಂಬ ವಿವರಣೆ, ಸಮಾಜದಲ್ಲೂ ಹೀಗೆಯೇ ನಡೆಯಬೇಕು ಎಂಬ ನಿಯಮವಾಗಿ ಮಾರ್ಪಟ್ಟಿತು. ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಇದಕ್ಕೆ ಯೂಜೆನಿಕ್ಸ್ ಎಂದು ಹೆಸರಿಟ್ಟರು. ಒಳ್ಳೆಯ ತಳಿಯ ದನ ಸಾಕುವಂತೆ ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸಬೇಕು, ‘ಕೀಳು ತಳಿ’ಯವರಿಗೆ ಮಕ್ಕಳಾಗದಂತೆ ತಡೆಯಬೇಕು ಎಂಬುದು ಅದರ ತಿರುಳು. ಡಾರ್ವಿನ್ನರ ಬರಹದಲ್ಲೂ ದನದ ತಳಿಯ ಹೋಲಿಕೆ ಬರುತ್ತದೆ. ಆದರೆ ದುರ್ಬಲರಿಗೆ ನೆರವು ನಿಲ್ಲಿಸಿದರೆ ನಮ್ಮ ಸ್ವಭಾವದ ಅತ್ಯುತ್ತಮ ಅಂಶವೇ ಹಾಳಾಗುತ್ತದೆ ಎಂದೂ ಅವರೇ 1871ರಲ್ಲಿ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಕೇಳಿಸಿಕೊಂಡವರು ಕಡಿಮೆ.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಕ್ಯಾರಿ ಬಕ್ ಎಂಬ ಬಡ ಹುಡುಗಿ ಇದ್ದಳು. ಅವಳ ತಾಯಿ ಎಮ್ಮಾಳನ್ನು ಬುದ್ಧಿಮಾಂದ್ಯಳೆಂದು ಹೇಳಿ ಸರ್ಕಾರದ ಆಶ್ರಮದಲ್ಲಿಟ್ಟಿದ್ದರು. ಕ್ಯಾರಿ ಬೇರೊಬ್ಬರ ಮನೆಯಲ್ಲಿ ಬೆಳೆಯುತ್ತಿದ್ದಾಗ ಆ ಮನೆಯವರ ಸಂಬಂಧಿಯೊಬ್ಬನ ಬಲಾತ್ಕಾರಕ್ಕೆ ಒಳಗಾಗಿ ಗರ್ಭಿಣಿಯಾದಳು. ಅವಳನ್ನೂ ನಡತೆಗೆಟ್ಟವಳು, ಮಂದಬುದ್ಧಿಯವಳು ಎಂದು ಅದೇ ಆಶ್ರಮಕ್ಕೆ ಸೇರಿಸಿದರು. ಅವಳ ಎಳೆಯ ಮಗು ವಿವಿಯನ್‌ಳನ್ನು ಏಳು ತಿಂಗಳಾಗಿದ್ದಾಗ ನೋಡಿ, ಇದೂ ಸರಿಯಿಲ್ಲವೆಂದರು. ಅಜ್ಜಿ, ತಾಯಿ, ಮಗು – ಮೂರು ತಲೆಮಾರು. 1927ರ ಮೇ 2ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಇಂಥ ವಂಶ ಇಲ್ಲಿಗೇ ಸಾಕು ಎಂದು ತೀರ್ಪಿತ್ತಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಪ್ಪಿದರು. ಒಪ್ಪದ ಒಬ್ಬರು ಪಿಯರ್ಸ್ ಬಟ್ಲರ್, ಕಥೋಲಿಕರು. ಅದೇ ಅಕ್ಟೋಬರಿನಲ್ಲಿ ಕ್ಯಾರಿಗೆ ಇನ್ನೆಂದೂ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಆ ದೇಶದಲ್ಲಿ ಹೀಗೆ 60,000ಕ್ಕೂ ಹೆಚ್ಚು ಜನರ ಸಂತಾನಶಕ್ತಿಯನ್ನು ಕಸಿದುಕೊಳ್ಳಲಾಯಿತು.

‘ಸರಿಯಿಲ್ಲ’ ಎಂದ ಆ ಮಗು ವಿವಿಯನ್ ಮುಂದೆ ಶಾಲೆಗೆ ಹೋದಳು. 1931ರಲ್ಲಿ ಅವಳ ಹೆಸರು ಶಾಲೆಯ ಜಾಣ ಮಕ್ಕಳ ಪಟ್ಟಿಯಲ್ಲಿತ್ತು! ಮರುವರ್ಷ ಎಂಟರ ಹರೆಯದಲ್ಲಿ ಕಾಯಿಲೆಯಿಂದ ತೀರಿಕೊಂಡಳು. ವರ್ಜೀನಿಯಾದ ರಾಜ್ಯಪಾಲರು ಕ್ಷಮೆ ಕೇಳಿದ್ದು 2002ರಲ್ಲಿ.

ಈಗ ಮತ್ತಾಯನ ಪಟ್ಟಿಗೆ ಹಿಂದಿರುಗಿ. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು – ನಲವತ್ತೆರಡು ತಲೆಮಾರು ಎಂದು ಅವನು ಲೆಕ್ಕ ಕೊಡುತ್ತಾನೆ. ಗಂಡಸರ ಹೆಸರುಗಳ ನಡುವೆ, ಮರಿಯಮ್ಮನಿಗೆ ಮೊದಲು, ನಾಲ್ವರು ಸ್ತ್ರೀಯರು ಬರುತ್ತಾರೆ. ಮಾವನಿಂದ ಮಕ್ಕಳನ್ನು ಪಡೆಯಬೇಕಾಗಿ ಬಂದ ತಾಮಾರಳು. ಜೆರಿಕೋ ಊರಿನ ವೇಶ್ಯೆ ರಾಹಾಬಳು. ಪರದೇಶದ ಬಡ ವಿಧವೆ ರೂತಳು. ಅರಸನ ಕಾಮಕ್ಕೆ ಗುರಿಯಾದ ಉರೀಯನ ಹೆಂಡತಿ. ಯೂಜೆನಿಕ್ಸ್ ಪಂಡಿತರ ಕೈಗೆ ಈ ವಂಶಾವಳಿ ಸಿಕ್ಕಿದ್ದರೆ ಎಷ್ಟನೆಯ ತಲೆಮಾರಿಗೆ ‘ಇಲ್ಲಿಗೇ ಸಾಕು’ ಎನ್ನುತ್ತಿದ್ದರು? ತಾಮಾರಳಲ್ಲೇ ಕತ್ತರಿ ಹಾಕುತ್ತಿದ್ದರು. ದಾವೀದನಿಲ್ಲ, ಸೊಲೊಮೋನನಿಲ್ಲ, ಜೋಸೆಫರಿಲ್ಲ. ದೇವರು ‘ಸಾಕು’ ಎನ್ನಲಿಲ್ಲ. ಮೀಕ ಪ್ರವಾದಿಯ ವಾಚನದಲ್ಲೂ ಯೆಹೂದದ ಊರುಗಳಲ್ಲೇ ಲೆಕ್ಕಕ್ಕಿಲ್ಲದ ಬೆತ್ಲೆಹೇಮನ್ನು ದೇವರು ಆರಿಸಿಕೊಳ್ಳುತ್ತಾರೆ. ನಿಸರ್ಗದ ಆಯ್ಕೆಗೆ ಅದರದೇ ನಿಯಮವಿದೆ. ದೇವರ ಆಯ್ಕೆಗೆ ಬೇರೊಂದು ನಿಯಮವಿದೆ.

ಧರ್ಮಸಭೆಯ ಮಕ್ಕಳೆಲ್ಲ ಆಗ ಎಚ್ಚರವಾಗಿದ್ದರೆಂದು ಹೆಮ್ಮೆ ಪಡುವಂತಿಲ್ಲ. ಅಮೆರಿಕದ ಯೂಜೆನಿಕ್ಸ್ ಸೊಸೈಟಿ 1926ರಲ್ಲಿ ಈ ವಿಚಾರವನ್ನು ಹೊಗಳುವ ಪ್ರಬೋಧನೆಗಳಿಗೆ ಬಹುಮಾನವಿಟ್ಟಾಗ ಬೋಧಕರು ಬರೆದು ಕಳುಹಿಸಿದ್ದುಂಟು. ಪ್ರವಚನಪೀಠವೂ ಕಾಲದ ಗಾಳಿಗೆ ಬಾಗಬಲ್ಲದು. ಅಂಥ ಹೊತ್ತಿನಲ್ಲಿ, 1930ರ ಡಿಸೆಂಬರ್ 31ರಂದು, ಪೋಪ್ ಹನ್ನೊಂದನೆಯ ಪಿಯೂಸರು ‘ಕಾಸ್ತಿ ಕೊನ್ನೂಬಿ’ ವಿಶ್ವಪತ್ರದಲ್ಲಿ, ತಪ್ಪು ಮಾಡದ ಪ್ರಜೆಯ ಅಂಗಾಂಗದ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ ಎಂದು ಖಂಡತುಂಡವಾಗಿ ಹೇಳಿದರು.

ಮೂರೇ ವರ್ಷಗಳಲ್ಲಿ ಜರ್ಮನಿಯ ನಾಜಿಗಳು ಅಂಥದೇ ಕಾನೂನು ತಂದು ಸುಮಾರು 4 ಲಕ್ಷ ಜನರ ಸಂತಾನಶಕ್ತಿ ಕಸಿದರು. 1939ರಿಂದ ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಕೊಲ್ಲತೊಡಗಿದರು. ಎರಡು ವರ್ಷಗಳಲ್ಲಿ 70,000ಕ್ಕೂ ಹೆಚ್ಚು ಮಂದಿ ಸತ್ತರು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಸಂತ ಲ್ಯಾಂಬರ್ಟರ ದೇವಾಲಯದ ಪ್ರವಚನಪೀಠದಿಂದ ಈ ಕೊಲೆಗಳನ್ನು ಬಯಲಿಗೆಳೆದರು. ದುಡಿಯಲಾರದವನಿಗೆ ಬದುಕುವ ಹಕ್ಕಿಲ್ಲವೆಂದಾದರೆ, ನಾಳೆ ಮುದುಕರಾಗುವ ನಮ್ಮೆಲ್ಲರ ಗತಿಯೇನು ಎಂದು ಕೇಳಿದರು. ಆ ಪ್ರಬೋಧನೆಯ ಪ್ರತಿಗಳು ಗುಟ್ಟಾಗಿ ದೇಶದ ತುಂಬ ಹರಿದಾಡಿದವು. ಅದೇ ತಿಂಗಳ ಕೊನೆಗೆ ಹಿಟ್ಲರ್ ಆ ಯೋಜನೆಯನ್ನು ಅಧಿಕೃತವಾಗಿ ನಿಲ್ಲಿಸಿದ. ಗುಟ್ಟಿನ ಕೊಲೆಗಳು ಯುದ್ಧ ಮುಗಿಯುವವರೆಗೂ ನಿಲ್ಲಲಿಲ್ಲ. ಆದರೂ ಒಂದು ಪ್ರಬೋಧನೆ ಎಷ್ಟೋ ಜೀವಗಳಿಗೆ ಅಡ್ಡ ನಿಂತಿತು. ಫಾನ್ ಗಾಲೆನ್ನರನ್ನು 2005ರಲ್ಲಿ ಪುನೀತರ ಸಾಲಿಗೆ ಸೇರಿಸಲಾಯಿತು.

ಇನ್ನೊಂದು ವಿಷಯ. ದುರ್ಬಲನನ್ನು ಕೈಬಿಡುವುದೇ ನಿಸರ್ಗದ ನಿಯಮವೆನ್ನುವವರಿಗೆ ಪಳೆಯುಳಿಕೆಗಳೇ ಎದುರು ಸಾಕ್ಷಿ ಹೇಳುತ್ತವೆ. ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ನಿಯಾಂಡರ್ತಾಲ್ ಮಾನವನೊಬ್ಬನ ಅಸ್ಥಿಪಂಜರ ಸಿಕ್ಕಿತು. ಅವನ ಬಲಗೈ ಬತ್ತಿಹೋಗಿತ್ತು, ಮುಖದ ಮೂಳೆಗೆ ಬಿದ್ದ ಪೆಟ್ಟಿನಿಂದ ಒಂದು ಕಣ್ಣು ಬಹುಶಃ ಕಾಣುತ್ತಿರಲಿಲ್ಲ, ಕಾಲೂ ಕುಂಟು. ಆದರೂ ಆ ಗಾಯಗಳು ಮಾಗಿದ ಮೇಲೆ ಅವನು ಎಷ್ಟೋ ವರ್ಷ ಬದುಕಿದ್ದ. ಬೇಟೆಯಾಡಲಾರದ ಅವನಿಗೆ ಯಾರೋ ಉಣಿಸಿದ್ದಾರೆ, ಯಾರೋ ಕಾದಿದ್ದಾರೆ. ನಲವತ್ತು ಸಾವಿರ ವರ್ಷಗಳಿಗೂ ಹಿಂದಿನ ಆ ಗುಹೆಯಲ್ಲಿ, ಬೈಬಲ್ ಬರೆಯುವುದಕ್ಕೆ ಎಷ್ಟೋ ಮೊದಲೇ, ಪ್ರೀತಿ ಹೆಜ್ಜೆಗುರುತು ಬಿಟ್ಟಿದೆ.

ಎಲ್ಲ ಬರೀ ಆಕಸ್ಮಿಕವೇ?

ಎರಡನೆಯ ಚಿಂತನೆ ಇನ್ನಷ್ಟು ಸೂಕ್ಷ್ಮ. ವಿಕಾಸದಲ್ಲಿ ಆಕಸ್ಮಿಕಕ್ಕೆ ಪಾತ್ರವಿದೆ. ಆದ್ದರಿಂದ ಮನುಷ್ಯ ಒಂದು ಆಕಸ್ಮಿಕ, ಅವನ ಬಾಳಿಗೆ ಗುರಿಯಿಲ್ಲ, ದೇವರಿಲ್ಲ ಎಂಬ ವಾದ. ನೊಬೆಲ್ ಬಹುಮಾನ ಪಡೆದ ಫ್ರೆಂಚ್ ಜೀವವಿಜ್ಞಾನಿ ಜಾಕ್ ಮೊನೋ 1970ರಲ್ಲಿ ಇದನ್ನು ಗಂಭೀರವಾಗಿ ಮಂಡಿಸಿದರು. ಕಾಲೇಜು ಓದುವ ನಮ್ಮ ಯುವಜನರ ಮನಸ್ಸಿನ ಮೂಲೆಯಲ್ಲಿ ಈ ವಾದ ಕುಳಿತಿರುತ್ತದೆ.

ರೂತಳ ಪುಸ್ತಕದ ಎರಡನೆಯ ಅಧ್ಯಾಯವನ್ನು ಓದಿ ನೋಡಿ. ಹೊಟ್ಟೆಗಿಲ್ಲದ ಆ ವಿಧವೆ ಹಕ್ಕಲು ಆಯಲು ಹೊರಟಳು. ಅಕಸ್ಮಾತ್ತಾಗಿ ಅವಳು ಹೋದದ್ದು ಬೋವಜನ ಹೊಲಕ್ಕೆ ಎಂದೇ ಪವಿತ್ರ ಗ್ರಂಥ ಹೇಳುತ್ತದೆ. ಪಕ್ಕದ ಹೊಲಕ್ಕೆ ಹೋಗಿದ್ದರೆ? ಬೋವಜ ಅವಳನ್ನು ಕಾಣುತ್ತಿರಲಿಲ್ಲ, ಓಬೇದ ಹುಟ್ಟುತ್ತಿರಲಿಲ್ಲ, ದಾವೀದನ ಮನೆತನವೇ ಇರುತ್ತಿರಲಿಲ್ಲ. ಒಂದು ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಎಡಕ್ಕೆ ತಿರುಗಿದಳೋ ಬಲಕ್ಕೆ ತಿರುಗಿದಳೋ ಎಂಬುದರ ಮೇಲೆ ಇಂದಿನ ಇಡೀ ಪಟ್ಟಿ ನಿಂತಿದೆ. ಗ್ರಂಥಕರ್ತನಿಗೆ ‘ಅಕಸ್ಮಾತ್’ ಎಂದು ಬರೆಯಲು ನಾಚಿಕೆಯಾಗಲಿಲ್ಲ. ಅದೇ ಘಟನೆ ದೇವರ ಯೋಜನೆಯೂ ಹೌದೆಂದು ಹೇಳಲೂ ಅಡ್ಡಿಯಾಗಲಿಲ್ಲ. ನಮ್ಮ ಕಣ್ಣಿಗೆ ಆಕಸ್ಮಿಕವಾದದ್ದು ದೇವರ ಕೈ ಮೀರಿದ್ದಲ್ಲ. ವಿಜ್ಞಾನ ಆಕಸ್ಮಿಕವನ್ನು ಅಳೆಯಬಲ್ಲದು. ಅದರ ಹಿಂದೆ ಪ್ರೀತಿ ಇದೆಯೋ ಇಲ್ಲವೋ ಎಂದು ಹೇಳುವ ಅಳತೆಗೋಲು ಅದರ ಬಳಿ ಇಲ್ಲ. ‘ದೇವರಿಲ್ಲ’ ಎನ್ನುವಾಗ ವಿಜ್ಞಾನಿ ವಿಜ್ಞಾನದ ಗಡಿ ದಾಟಿ ಮಾತಾಡುತ್ತಿರುತ್ತಾನೆ.

ಆದರೆ ಒಂದು ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಇಷ್ಟೊಂದು ನೋವು, ಇಷ್ಟೊಂದು ಸಾವು ಏಕೆ? 1851ರಲ್ಲಿ ಡಾರ್ವಿನ್ನರ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಅವರ ವಿಶ್ವಾಸ ಕುಂದಿದ್ದಕ್ಕೆ ಬಟಾಣಿ, ಪಾರಿವಾಳಗಳಿಗಿಂತ ಆ ಪುಟ್ಟ ಸಮಾಧಿ ಹೆಚ್ಚಿನ ಕಾರಣವೆಂದು ಅನೇಕರು ಭಾವಿಸುತ್ತಾರೆ. ಮಗುವನ್ನು ಕಳೆದುಕೊಂಡ ತಂದೆಗೆ ವಾದ ಮಾಡಿ ಉತ್ತರ ಹೇಳಲಾಗದು. ಸಂತ ಪೌಲರು ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎನ್ನುತ್ತಾರೆ (ರೋಮ 8:22). ಪ್ರಸವವೇದನೆ ಎಂಬ ಮಾತನ್ನು ಗಮನಿಸಿ: ಅದು ಸಾವಿನ ನರಳಾಟವಲ್ಲ, ಹೆರಿಗೆಯ ನರಳಾಟ. ದೇವರು ಆ ನೋವಿಗೆ ದೂರದಿಂದ ವಿವರಣೆ ಕಳುಹಿಸಲಿಲ್ಲ. ವಂಶಾವಳಿಯ ದಾರಿಯಿಂದ ತಾವೇ ಒಳಬಂದು ಶಿಲುಬೆಯವರೆಗೆ ನಡೆದರು. ‘ದೇವರು ನಮ್ಮೊಡನೆ’ ಎಂಬ ಇಮ್ಮಾನುವೇಲ್ ಹೆಸರಿನ ಅರ್ಥ ಅದೇ.

ಮನೆಗೆ ಒಯ್ಯಬೇಕಾದ ಮಾತು

ಪ್ರಿಯರೇ, ವಿಕಾಸವಾದ ನಮಗೆ ಒಂದು ಉಪಕಾರವನ್ನೂ ಮಾಡಿದೆ. ಭೂಮಿಯ ಮೇಲಿನ ಸಕಲ ಜೀವಿಗಳೂ ಬಂಧುಗಳೆಂದು, ಮನುಷ್ಯರೆಲ್ಲ ಒಂದೇ ಜಾತಿಯೆಂದು ಅದು ಸಾಕ್ಷಿ ಸಮೇತ ತೋರಿಸಿದೆ. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಸಾವಿರದಲ್ಲಿ ಸುಮಾರು 999 ಪಾಲು ಒಂದೇ. ದೇವರು ಎಲ್ಲ ಜನಾಂಗಗಳನ್ನೂ ಒಬ್ಬನಿಂದಲೇ ಉಂಟುಮಾಡಿದರೆಂದು ಪೌಲರು ಅಥೆನ್ಸಿನಲ್ಲಿ ಸಾರಿದ್ದಕ್ಕೆ (ಪ್ರೇಷಿತರ ಕಾರ್ಯಕಲಾಪಗಳು 17:26) ಇದು ಹತ್ತಿರದ ಮಾತು. ಹಾಗಿದ್ದೂ ಮದುವೆಯ ಮಾತುಕತೆಗೆ ಕುಳಿತಾಗ ನಾವು ಮೊದಲು ಕೇಳುವುದೇನು? ‘ಅವರು ಯಾವ ಜನ?’ ಎಂದು. ಜ್ಞಾನಸ್ನಾನ ಪಡೆದು ಎಷ್ಟೋ ತಲೆಮಾರುಗಳಾದರೂ ಆ ಪ್ರಶ್ನೆ ನಮ್ಮ ನಾಲಿಗೆಯಿಂದ ಉದುರಿಲ್ಲ! ಮೇಲು ರಕ್ತ, ಕೀಳು ರಕ್ತ ಎಂಬುದು ಜೀವಶಾಸ್ತ್ರದಲ್ಲೂ ಇಲ್ಲ, ಶುಭಸಂದೇಶದಲ್ಲೂ ಇಲ್ಲ. ಮತ್ತೆಲ್ಲಿದೆ? ನಮ್ಮ ಅಹಂಕಾರದಲ್ಲಿ ಮಾತ್ರ.

ಯೂಜೆನಿಕ್ಸ್ ಕೂಡ ಹಳೆಯ ಕಥೆಯಾಗಿ ಮುಗಿದಿಲ್ಲ. ಈಗ ಅದಕ್ಕೆ ಸರ್ಕಾರದ ಆಜ್ಞೆ ಬೇಕಾಗಿಲ್ಲ, ಮನೆಯೊಳಗೇ ನಡೆಯುತ್ತದೆ. ಸ್ಕ್ಯಾನಿಂಗ್ ವರದಿ ನೋಡಿ ಮಗುವಿನ ಬೆಲೆ ಕಟ್ಟುತ್ತೇವೆ. ಹೆಣ್ಣುಭ್ರೂಣವನ್ನು ಉಳಿಸಲು ನಮ್ಮ ದೇಶ 1994ರಲ್ಲಿ ಕಾನೂನನ್ನೇ ತರಬೇಕಾಯಿತು. ಭಾರತದ ಧರ್ಮಸಭೆ ಇಂದಿನ ದಿನವನ್ನು ಹೆಣ್ಣುಮಗುವಿನ ದಿನವಾಗಿಯೂ ಆಚರಿಸುತ್ತದೆ. ಇಂದು ನಾವು ಹೂ ಅರ್ಪಿಸಿದ್ದು ಒಂದು ಹೆಣ್ಣುಮಗುವಿಗೆ ಎಂಬುದನ್ನು ಮರೆಯದಿರೋಣ. ನಿಧಾನವಾಗಿ ಕಲಿಯುವ ಮಗುವಿಗೆ, ಶೇಕಡಾ 95 ತರಲಾರದ ಮಗುವಿಗೆ ನಾವು ಆಡುವ ಮಾತುಗಳಲ್ಲೂ ‘ನೀನು ಯೋಗ್ಯನಲ್ಲ’ ಎಂಬ ತೀರ್ಪು ಅಡಗಿರುತ್ತದೆ. ಹಾಸಿಗೆ ಹಿಡಿದ ಅಜ್ಜಿಯ ಮುಂದೆ ಬಿಡುವ ನಿಟ್ಟುಸಿರಿನಲ್ಲೂ ಅದೇ ತೀರ್ಪು. ಆ ಗುಹೆಯ ಜನಕ್ಕಿಂತ ನಾವು ಹಿಂದೆ ಬೀಳಬಾರದು.

ಆದುದರಿಂದ ಇಂದು ಮನೆಯಲ್ಲಿ ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ ಎರಡು ಕೆಲಸ ಮಾಡಿ. ಮಕ್ಕಳಿಗೆ ತೆನೆಯನ್ನು ತೋರಿಸಿ, ಅದು ಕಾಡಿನಿಂದ ಗದ್ದೆಗೆ ಬಂದ ಕಥೆ ಹೇಳಿ. ಶಾಲೆಯಲ್ಲಿ ಕಲಿಸುವುದು ದೇವರ ಸೃಷ್ಟಿಯ ಕಥೆಯೇ, ಹೆದರಬೇಡ, ಚೆನ್ನಾಗಿ ಓದು ಎನ್ನಿ. ಅನಂತರ ನಿಮ್ಮ ಮನೆತನದ ವಂಶಾವಳಿಯನ್ನು ಹೇಳಿ. ಆ ಪಟ್ಟಿಯಿಂದ ಯಾರನ್ನೂ ಬಿಡಬೇಡಿ. ಬುದ್ಧಿ ಬೆಳೆಯದೆ ತೀರಿಹೋದ ಚಿಕ್ಕಪ್ಪನ ಹೆಸರನ್ನೂ ಹೇಳಿ, ಊರವರು ಆಡಿಕೊಂಡ ಅತ್ತೆಯ ಹೆಸರನ್ನೂ ಹೇಳಿ, ಹುಟ್ಟಿ ಮೂರೇ ದಿನ ಬದುಕಿದ ಮಗುವಿನ ಹೆಸರನ್ನೂ ಹೇಳಿ. ಮತ್ತಾಯ ತನ್ನ ಪಟ್ಟಿಯಲ್ಲಿ ಅಂಥವರನ್ನು ಮುಚ್ಚಿಡಲಿಲ್ಲ.

ಮಾತೆ ಮರಿಯಮ್ಮನವರೇ, ನಜರೇತಿನ ಬಡ ಹೆಣ್ಣುಮಗಳಾದ ನಿಮ್ಮನ್ನು ದೇವರು ಆರಿಸಿಕೊಂಡರು. ಲೋಕ ಲೆಕ್ಕಕ್ಕೆ ಇಡದ ಪ್ರತಿಯೊಂದು ಮಗುವನ್ನೂ ನಿಮ್ಮ ಮಡಿಲಲ್ಲಿ ಇಟ್ಟುಕೊಳ್ಳಿರಿ. ಸತ್ಯವನ್ನು ಹುಡುಕುವ ನಮ್ಮ ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ, ವಿಜ್ಞಾನಿಗಳಿಗೆ ನಿಮ್ಮ ಪುತ್ರರ ಬೆಳಕನ್ನು ಬೇಡಿಕೊಡಿರಿ. ದುರ್ಬಲರನ್ನು ಕೈಬಿಡದ ಕುಟುಂಬಗಳಾಗಿ ನಮ್ಮನ್ನು ಬೆಳೆಸಿರಿ.

ನಿಮಗೆಲ್ಲರಿಗೂ ತೆನೆಹಬ್ಬದ, ಮಾತೆ ಮರಿಯಮ್ಮನವರ ಜನನೋತ್ಸವದ ಶುಭಾಶಯಗಳು. ಆಮೆನ್.